ಮೊಂಡು ಗುದ್ದಲಿಯ ಚೀಟಿ

ಇಷ್ಟು ದೊಡ್ಡ ಇಂಗ್ಲೆಂಡಿನಲ್ಲಿ ಹಾಳುಮಾಡಲು ಸರ್ಕಾರಕ್ಕೆ ನನ್ನ ಸಂಸಾರವೇ ಸಿಕ್ಕಿತೇ ಎಂದು ಹೆಡ್ಲಿ ಮೂರು ದಿನದಿಂದ ಹಲುಬುತ್ತಿದ್ದ. ಮಕ್ಕಳನ್ನು ಕಾಪಾಡಲು ಕಾನೂನು ಬಂದಿದೆ, ಅಂತರ್ಜಾಲದಲ್ಲಿ ವಯಸ್ಸು ಖಾತರಿಪಡಿಸಬೇಕು ಎಂಬ ಸುದ್ದಿ ಅವನಿದ್ದ ಹಳೇ ಗಣಿ ಊರಿಗೂ ಮುಟ್ಟಿತ್ತು. ಅಲ್ಲಿನ ಲೀಕ್ ಬೆಳೆಗಾರರ ಸಂಘಕ್ಕೊಂದು ಹರಟೆತಾಣವಿತ್ತು. (ಲೀಕ್ ಎಂದರೆ ಈರುಳ್ಳಿಯ ಅಣ್ಣ. ಅದನ್ನು ತೋಳುಗಾತ್ರ ಬೆಳೆಸಿದರೆ ಅಲ್ಲಿನ ಗಂಡಸರಿಗೆ ಜನ್ಮ ಸಾರ್ಥಕ.) ಸದಸ್ಯರಲ್ಲಿ ಅತಿ ಕಿರಿಯನಿಗೆ ಅರವತ್ತೇಳು. ಕಾನೂನು ಇಂಥ ಬಡಪಾಯಿ ತಾಣಕ್ಕೆ ಅನ್ವಯಿಸುತ್ತದೋ ಇಲ್ಲವೋ, ಕಾರ್ಯದರ್ಶಿ ಕತ್ಬರ್ಟನಿಗಂತೂ ನಿದ್ದೆ ಹಾರಿಹೋಯಿತು.

ಅವನಿಗೆ ಗೊತ್ತಿದ್ದ ಪರಿಶೀಲನೆ ಒಂದೇ, ಲೀಕ್ ಪ್ರದರ್ಶನದ್ದು. ಲೀಕಿನ ಮುಂದೆ ಚೀಟಿ, ಮೇಲ್ಗಡೆ ಸಂಖ್ಯೆ, ಹಿಂದುಗಡೆ ಬೆಳೆದವನ ಹೆಸರು. ತೀರ್ಪಾದ ಮೇಲೆ ಎಲ್ಲರೆದುರು ಮಗುಚುವುದು. ಹಾಗಾಗಿ ಎಲ್ಲರೂ ವಯಸ್ಸಿನ ಸಾಕ್ಷಿಗೆ ಹಿರಿಯರ ಬಸ್ ಪಾಸು ತೋರಿಸಬೇಕು, ಚೀಟಿಯ ಮೇಲೆ ತಾಣದ ಗುಪ್ತನಾಮ, ಹಿಂದೆ ನಿಜನಾಮ, ಶನಿವಾರದ ಸಭೆಯಲ್ಲಿ ಮಗುಚಲಾಗುವುದು ಎಂದು ಫರ್ಮಾನು ಹೊರಡಿಸಿಬಿಟ್ಟ.

ಹೆಡ್ಲಿಯ ಹಲುಬಾಟಕ್ಕೆ ಕಾರಣವಿತ್ತು. ‘ಮೊಂಡು ಗುದ್ದಲಿ’ ಎಂಬ ಹೆಸರಿನಲ್ಲಿ ಮೂರು ವರ್ಷದಿಂದ ಅವನು ಹೆಂಡತಿ ಬೆರಿಲಳ ಲೀಕ್ ಪುಡಿಂಗಿನ (ಹಿಟ್ಟಿನೊಳಗೆ ಲೀಕ್ ತುಂಬಿ ಬೇಯಿಸಿದ ಕಡುಬು) ಮೇಲೆ ಪುರಾಣವನ್ನೇ ಬರೆದಿದ್ದ. ‘ನನ್ನವಳ ಪುಡಿಂಗು ಕಾಲ ಮೇಲೆ ಬಿದ್ದರೆ ಮೂಳೆ ಮುರಿಯುವುದು ಗ್ಯಾರಂಟಿ’ ಎಂಬ ಸಾಲಿಗೆ ನಲವತ್ತು ಮೆಚ್ಚುಗೆ ಬಂದಿದ್ದವು. ಮನೆಯಲ್ಲಿ ಮಾತ್ರ ಪ್ರತಿ ಭಾನುವಾರ “ಅಮೃತ ಕಣೇ!” ಎಂದು ಇನ್ನೊಮ್ಮೆ ಬಡಿಸಿಕೊಳ್ಳುತ್ತಿದ್ದ. ಮೂವತ್ತೊಂಬತ್ತು ವರ್ಷದ ದಾಂಪತ್ಯ ಈಗ ಒಂದು ಚೀಟಿಯ ಹಿಂದೆ ಕೂತಿತ್ತು.

“ಪಾಸು ತೋರ್ಸಲ್ಲ! ಇದು ವಾಕ್ ಸ್ವಾತಂತ್ರ್ಯದ ಪ್ರಶ್ನೆ!” ಎಂದು ಅಡುಗೆಮನೆಯಲ್ಲಿ ಗುಡುಗಿದ.

“ನಿನ್ನ ಮಾತು ಯಾರ್ ಕಿತ್ಕೊಂಡ್ರು? ಬೆಳಗ್ಗಿಂದ ಬಾಯೇ ಮುಚ್ಚಿಲ್ಲ,” ಎಂದಳು ಬೆರಿಲ್.

“ಹೆಸರು ಬಯಲಾದ್ರೆ ಸತ್ಯ ಯಾರು ಹೇಳ್ತಾರೆ?”

“ಎಂಥಾ ಸತ್ಯ?”

“ಹೀಗೇ... ಗೊಬ್ಬರದ ವಿಷಯ,” ಎಂದು ಹೆಡ್ಲಿ ತೋಟಕ್ಕೆ ಓಡಿದ.

ಶನಿವಾರ ಬೆರಿಲ್ ಅವನನ್ನು ಸಭೆಗೆ ಎಳೆದೊಯ್ದಳು. ಪಾಸು ತೋರಿಸಿಲ್ಲ, ಚೀಟಿಯೂ ಇರುವುದಿಲ್ಲ ಎಂದು ಹೆಡ್ಲಿ ನಿಶ್ಚಿಂತೆಯಿಂದ ಹೋದ. ನೋಡಿದರೆ ಮೇಜಿನ ನಟ್ಟನಡುವೆ ‘ಮೊಂಡು ಗುದ್ದಲಿ’!

“ಕೋಟಿನ ಜೇಬಲ್ಲಿ ಪಾಸು ಸಿಕ್ತು. ಮರ್ತಿದೀಯ ಅಂತ ನಾನೇ ತೋರ್ಸ್ದೆ,” ಎಂದಳು ಬೆರಿಲ್.

“ಪಾಸು ಸರಿ... ಹೆಸ್ರು?”

“ಅದನ್ನೂ ನಾನೇ ಬರೆಸ್ದೆ.”

ಕತ್ಬರ್ಟ್ ಚೀಟಿ ಮಗುಚಿದ. ಯಾರೂ ಹುಬ್ಬೇರಿಸಲಿಲ್ಲ. “ಮುಂದಿನ ಚೀಟಿ ತೆಗಿಯಪ್ಪ, ಇದು ಊರಿಗೇ ಗೊತ್ತು!” ಎಂದು ಹಿಂದಿನಿಂದ ಯಾರೋ ಕೂಗಿದರು.

“ಮೂರ್ ವರ್ಷದಿಂದ ಓದಿ ಓದಿ ನಗ್ತಿದೀನಿ,” ಎಂದಳು ಬೆರಿಲ್.

“ಕೋಪ ಬರ್ಲಿಲ್ವಾ?”

“ಮೊದಲ ವಾರ ಬಂತು. ಆಮೇಲಿಂದ ಹಿಟ್ಟು ಇನ್ನೂ ಸ್ವಲ್ಪ ಗಟ್ಟಿ ಕಲಸೋಕೆ ಶುರು ಮಾಡ್ದೆ.”

ಹೆಡ್ಲಿಗೆ ಹೋದ ಜೀವ ಬಂದಂತಾಯಿತು. ಸದ್ಯ, ಸಂಸಾರ ಉಳಿಯಿತು! ಮನೆ ಮುಟ್ಟುವವರೆಗೂ ಶಿಳ್ಳೆ ಹಾಕಿದ. ಮರುದಿನ ಊಟಕ್ಕೆ ಕೂತಾಗ ಧೈರ್ಯವೂ ಬಂದಿತ್ತು.

“ಎಲ್ಲಾ ಗೊತ್ತಾಯ್ತಲ್ಲ ಬೆರಿಲ್, ಇನ್ಮೇಲೆ ಪುಡಿಂಗು ಬೇಡ, ಆಗ್ಬಹುದಾ?”

“ಸುಳ್ಳು ಹೆಸರಿಟ್ಕೊಂಡೋನು ಏನಾದ್ರೂ ಬರ್ಕೊಳ್ಳಲಿ, ನಾನು ನಂಬಲ್ಲ. ನನ್ ಗಂಡ ನನ್ನೆದುರೇ ಕೂತು, ಬಾಯ್ತುಂಬ, ಅಮೃತ ಅಂದಿದಾನೆ. ತಟ್ಟೆ ಹಿಡಿ.”

ಹೆಡ್ಲಿ ಹಿಡಿದ. ಎರಡೂ ಕೈಯಲ್ಲಿ.