ಮಷೀನ್ ಬೇಕಾ, ಬೇಡ್ವಾ?

ಹೃದಯದ ಡಾಕ್ಟರ ಕ್ಲಿನಿಕ್ಕಿಗೆ ನಗಲಿಕ್ಕೆಂದು ಯಾರೂ ಬರುವುದಿಲ್ಲ. ಆದರೂ ನಾನು ಅಲ್ಲಿ ಇಸಿಜಿ ತೆಗೆಯುತ್ತಿದ್ದಷ್ಟು ಕಾಲವೂ, ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಓಡುವ ಪ್ರಸಂಗ ಆಗಾಗ ಬರುತ್ತಲೇ ಇತ್ತು. ಅದು ಎಂಬತ್ತರ ದಶಕ. ಬೈಪಾಸ್ ಬೇಕಾದವರನ್ನು ನಮ್ಮ ಡಾಕ್ಟರು ಮಂಗಳೂರಿನಿಂದ ಮದ್ರಾಸಿಗೆ ಕಳಿಸುತ್ತಿದ್ದರು. ಅವರು ಅರ್ಧ ಇಂಗ್ಲಿಷಿನಲ್ಲಿ ವಿವರಿಸುವುದು, ರೋಗಿಗಳು ತಲೆಯಾಡಿಸುವುದು, ಹೊರಗೆ ಬಂದು "ಸಿಸ್ಟರ್, ಡಾಕ್ಟ್ರು ಎಂತ ಹೇಳಿದ್ದು?" ಎಂದು ನನ್ನನ್ನು ಕೇಳುವುದು. ರೋಗಿಗಳದು ತುಳು, ನನ್ನದು ಕೊಂಕಣಿ, ನಡುವೆ ಕನ್ನಡ. ನನಗೆ ಅರ್ಧ ಗೊತ್ತಿತ್ತು. ಉಳಿದರ್ಧ ಧೈರ್ಯ.

ಕರಿಮಣಿ

ಬೋಳಾರದಿಂದ ಗಂಡ ಹೆಂಡತಿ ಬಂದಿದ್ದರು. ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಡಾಕ್ಟರು ಕಾಗದದ ಮೇಲೆ ಹೃದಯದ ಚಿತ್ರ ಬರೆದು, "ಆಪರೇಷನ್ ಮಾಡುವಾಗ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸ್ತಾರೆ. ಅಷ್ಟು ಹೊತ್ತು ರಕ್ತ ಓಡಿಸುವುದು, ಉಸಿರಾಡುವುದು, ಎಲ್ಲ ಮಷೀನ್ ಮಾಡ್ತದೆ" ಎಂದರು.

"ಹೃದಯ ನಿಂತರೆ ಸತ್ತ ಹಾಗೆ ಅಲ್ವಾ ಡಾಕ್ಟ್ರೇ?"

"ಅಲ್ಲ. ಮಷೀನ್ ಉಂಟಲ್ಲ."

ಗಂಡ ಒಪ್ಪಿದರು. ಹೆಂಡತಿ ನನ್ನ ಹಿಂದೆಯೇ ಇಸಿಜಿ ಕೋಣೆಗೆ ಬಂದು ಕೈ ಹಿಡಿದುಕೊಂಡರು. ಕಣ್ಣು ತುಂಬಿತ್ತು.

"ಸಿಸ್ಟರ್, ಅದು ನಿಂತಿರುವಷ್ಟು ಹೊತ್ತು ನಾನು ಕರಿಮಣಿ ತೆಗೆದಿಡಬೇಕಾ?"

ನನಗೆ ನಗು ಬರಲಿಲ್ಲ. ಡಾಕ್ಟರನ್ನೇ ಹೋಗಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಪುನಃ ಹಾಕಿಕೊಂಡರು. ಪಕ್ಕದ ಕುರ್ಚಿಯಲ್ಲಿದ್ದ ಗಂಡನಿಗೆ ಎಲ್ಲ ಕೇಳಿಸಿತ್ತು. ಅಲ್ಲಿಂದಲೇ ಕೂಗಿ ಹೇಳಿದರು:

"ಈಗಲೇ ತೆಗೆದು ಭದ್ರವಾಗಿಡು ಮಾರಾಯ್ತಿ. ರೈಲಿನಲ್ಲಿ ಕಳ್ಳರು ಜಾಸ್ತಿಯಂತೆ!"

ಶಟ್‌ಡೌನ್

ಆಮೇಲೊಂದು ಸಲ ಡಾಕ್ಟರು ಯಾವುದೋ ಸಮ್ಮೇಳನಕ್ಕೆ ಹೋಗಿ ಹೊಸ ಸುದ್ದಿ ತಂದರು. ಕೆಲವು ಸರ್ಜನ್ನರು ಹೃದಯ ನಿಲ್ಲಿಸುವುದೇ ಇಲ್ಲವಂತೆ. ಡಾಕ್ಟರು 'ಪಂಪ್' ಎನ್ನುತ್ತಿದ್ದ ಆ ಮಷೀನ್ ಇಲ್ಲದೆ, ಹೃದಯ ಬಡಿಯುತ್ತಿರುವಾಗಲೇ ಹೊಲಿಯುತ್ತಾರಂತೆ. ಎಲ್ಲರಿಗೂ ಆಗುವುದಿಲ್ಲ, ಒಂದೇ ಬ್ಲಾಕು, ಅದೂ ಹೃದಯದ ಎದುರುಭಾಗದಲ್ಲಿದ್ದರೆ ಮಾತ್ರ. ಅಲ್ಲಿಯವರೆಗೆ ಒಂದೇ ಗೊಂದಲ ಇತ್ತು, ಈಗ ಎರಡಾಯಿತು.

ಪಣಂಬೂರಿನ ಗೊಬ್ಬರದ ಕಾರ್ಖಾನೆಯ ಪಂಪ್ ಆಪರೇಟರ್ ಒಬ್ಬರಿಗೆ ಎರಡು ದಾರಿಯೂ ಇತ್ತು.

"ಓಡುವ ಲೈನಿಗೆ ಕೈ ಹಾಕಲಿಕ್ಕುಂಟಾ?" ಎಂದರು ಅವರು. "ನಮ್ಮಲ್ಲಿ ಮೊದಲು ಶಟ್‌ಡೌನ್, ಮತ್ತೆ ರಿಪೇರಿ. ನನಗೆ ಮಷೀನೇ ಇರ್ಲಿ."

ಡಾಕ್ಟರು ಚೀಟಿ ಬರೆಯತೊಡಗಿದರು.

"ಆದ್ರೆ ಡಾಕ್ಟ್ರೇ, ಶಟ್‌ಡೌನ್ ಆದ ಮೇಲೆ ಒಂದೇ ಸಲಕ್ಕೆ ಸ್ಟಾರ್ಟ್ ಆದದ್ದು ನಾನಂತೂ ನೋಡಲಿಲ್ಲ. ಮಷೀನ್ ಬೇಡ."

ಡಾಕ್ಟರು ಹೊಡೆದು ಹಾಕಿ ಪುನಃ ಬರೆದರು.

"ಅಲ್ಲ, ಸರ್ಜನ್ನರ ಕೈ ಜಾರಿದರೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಕೊನೆಯದಾಗಿ ಹೇಳಿ. ಮಷೀನ್ ಬೇಕಾ, ಬೇಡ್ವಾ?"

ಅವರು ಎದ್ದು ಚಪ್ಪಲಿ ಹಾಕಿಕೊಂಡರು. "ಯೂನಿಯನ್ನಿನಲ್ಲಿ ಕೇಳಿ ಹೇಳ್ತೇನೆ."

ಸಿಟಿ ಬಸ್ಸು

"ಎರಡರಲ್ಲಿ ಯಾವುದು ಒಳ್ಳೆಯದು ಡಾಕ್ಟ್ರೇ?" ಎಂದು ಒಮ್ಮೆ ನಾನೇ ಕೇಳಿದೆ. ಅವರು ವಿವರಿಸಿದರು: ಮಷೀನ್ ಇದ್ದರೆ ಹೊಲಿಗೆ ನಿಧಾನಕ್ಕೆ, ಚಂದಕ್ಕೆ ಹಾಕಬಹುದು, ಆದರೆ ರಕ್ತ ಅದರೊಳಗೆ ಸುತ್ತಿ ಬರುವುದರಿಂದ ಕೆಲವರಿಗೆ ತೊಂದರೆಯಾಗುತ್ತದೆ. ಇಲ್ಲದಿದ್ದರೆ ಆ ತೊಂದರೆ ತಪ್ಪುತ್ತದೆ, ಆದರೆ ಹೊಲಿಯುವುದು ಮಹಾ ಕಷ್ಟ. "ಓಡುವ ಸಿಟಿ ಬಸ್ಸಿನಲ್ಲಿ ನಿಂತು ರವಿಕೆಗೆ ಹುಕ್ಕು ಹೊಲಿದ ಹಾಗೆ" ಎಂದರು. ನನಗೆ ಕಡೆಗೂ ಅರ್ಥವಾಯಿತು. ಆ ಖುಷಿಯಲ್ಲಿ, ಹೊರಗೆ ಕೂತಿದ್ದ ಒಬ್ಬ ನಿವೃತ್ತ ಮೇಷ್ಟರ ಹೆಂಡತಿಗೂ ಅದನ್ನೇ ಹೇಳಿದೆ.

ಮರುದಿನ ಮೇಷ್ಟರು ಕೊಡೆ ಊರಿಕೊಂಡು ಒಬ್ಬರೇ ಬಂದರು.

"ಸಿಸ್ಟರ್, ಖರ್ಚಾದರೆ ಆಗ್ಲಿ, ನನಗೆ ಆಸ್ಪತ್ರೆಯಲ್ಲೇ ಮಾಡಿಸಿ. ಬಸ್ಸಿನಲ್ಲಿ ಬೇಡ."

ಪಂಪ್‌ವೆಲ್

ಕಡೆಗೂ ನಮ್ಮ ಕ್ಲಿನಿಕ್ಕಿನಿಂದ ಮಷೀನ್ ಇಲ್ಲದ ಆಪರೇಷನ್ನಿಗೆ ಹೋದವರು ಒಬ್ಬ ಹೋಟೆಲಿನ ಧಣಿ. ಅವರ ತಮ್ಮ ಮತ್ತು ವಯಸ್ಸಾದ ತಾಯಿ ಇದ್ದದ್ದು ಇಲ್ಲೇ ಮಂಗಳೂರಿನ ಶಕ್ತಿನಗರದಲ್ಲಿ. ಮದ್ರಾಸಿನಿಂದ ಧಣಿಯ ಹೆಂಡತಿ ಮನೆಗೆ ಟ್ರಂಕ್ ಕಾಲ್ ಮಾಡಿದರೆ ಲೈನ್ ಸಿಗಲಿಲ್ಲ. ಕ್ಲಿನಿಕ್ಕಿಗೆ ಮಾಡಿ, "ಆಪರೇಷನ್ ಒಳ್ಳೆದಾಯ್ತು, ಮನೆಗೆ ತಿಳಿಸಿ" ಎಂದರು.

ನಾನು ಶಕ್ತಿನಗರಕ್ಕೆ ಫೋನು ತಿರುಗಿಸಿದೆ. ಲೈನಿನಲ್ಲಿ ಒಗ್ಗರಣೆ ಹಾಕಿದಂಥ ಸದ್ದು. ಗಂಟಲು ಹರಿಯುವಂತೆ ಕೂಗಿದೆ: "ಪಂಪ್ ಇಲ್ಲ! ಬೈಪಾಸ್ ಆಯ್ತು!"

"ಆಯ್ತಾ? ಈಗ ಹೊರಟೆವು!" ಎಂದು ತಮ್ಮ ಫೋನು ಇಟ್ಟೇಬಿಟ್ಟರು. ಎಲ್ಲಿಗೆ ಹೊರಟರೆಂದು ನನಗೆ ತಿಳಿಯಲಿಲ್ಲ. ದೇವಸ್ಥಾನಕ್ಕಿರಬೇಕು ಎಂದುಕೊಂಡೆ.

ಸಂಜೆ ಒಂದು ಅಂಬಾಸಿಡರ್ ಕಾರು ಕ್ಲಿನಿಕ್ಕಿನ ಎದುರು ನಿಂತಿತು. ತಮ್ಮ, ಅವರ ಹಿಂದೆ ಬಾಡಿದ ಮಲ್ಲಿಗೆ ಮಾಲೆ ಹಿಡಿದ ತಾಯಿ. ಬಿಸಿಲಿಗೆ ಇಬ್ಬರ ಮುಖವೂ ಕೆಂಪಾಗಿತ್ತು.

"ಎಲ್ಲಿ ನಮ್ಮ ಅಣ್ಣ? ಪಂಪ್‌ವೆಲ್ ಬೈಪಾಸಿಗೆ ಬಂದಾಯ್ತು ಅಂದದ್ದು ನೀವೇ ಅಲ್ವಾ?"

ಊರೊಳಗೆ ನುಗ್ಗುವ ಮೊದಲು ಬೈಪಾಸ್ ರಸ್ತೆಯಲ್ಲಿ ಸಿಗುವ ಪಂಪ್‌ವೆಲ್ ಜಂಕ್ಷನ್ನಿನಲ್ಲಿ ಇವರು ಬಂದು ಹೋಗುವ ಕಾರುಗಳನ್ನೆಲ್ಲ ಇಣುಕಿ ನೋಡುತ್ತಾ ನಿಂತಿದ್ದರು!

"ಅಯ್ಯೋ, ಅವರು ಮದ್ರಾಸಿನಲ್ಲಿ ಐಸಿಯುನಲ್ಲಿದ್ದಾರೆ" ಎಂದೆ. "ಆಪರೇಷನ್ ಆದ ದಿನವೇ ಬರ್ತಾರೆ ಅಂತ ನಿಮಗೆ ಹೇಗೆ ಅನಿಸಿತು?"

"ಮಷೀನ್ ಇಲ್ಲದ್ದಲ್ವಾ" ಎಂದರು ತಮ್ಮ. "ಬೇಗ ಬಿಟ್ಟಿರಬೇಕು ಅಂದ್ಕೊಂಡೆವು."

ತಾಯಿಗೆ ಅದೊಂದೂ ಬೇಕಿರಲಿಲ್ಲ. ಬೆಂಚಿನ ಮೇಲೆ ಕೂತು ನನ್ನ ಮುಖ ನೋಡಿದರು. "ಮಗಾ, ಅವನ ಹೃದಯ ನಿಲ್ಲಿಸಿದ್ರಾ?"

"ಇಲ್ಲ ಅಮ್ಮ. ಒಂದು ಗಳಿಗೆಯೂ ನಿಲ್ಲಲಿಲ್ಲವಂತೆ."

ತಾಯಿ ದೀರ್ಘವಾಗಿ ಉಸಿರು ಬಿಟ್ಟು, ಎರಡೂ ಮಂಡಿ ಒತ್ತಿಕೊಂಡರು.

"ಸಣ್ಣವನಿರುವಾಗಲೂ ಹಾಗೆಯೇ. ನಿಲ್ಲು ಅಂದರೆ ಅವನು ಯಾವತ್ತು ನಿಂತದ್ದು? ನಿಂತದ್ದು ನಾವು, ಪಂಪ್‌ವೆಲ್‌ನಲ್ಲಿ!"