ಎರಡು ಸಲ ದೊಡ್ಡಾಕಿಯಾದ ಸೊಸಿ

ತಾಲೂಕು ದವಾಖಾನೆಯಲ್ಲಿ ನರ್ಸಬಾಯಿಯಾಗಿ ದುಡಿದವಳಿಗೆ ನಗಲು ಪುರಸೊತ್ತು ಇರುವುದಿಲ್ಲ. ಆದರೆ ನಗು ನಮ್ಮ ಪುರಸೊತ್ತು ಕೇಳಿಕೊಂಡು ಬರುವುದಿಲ್ಲವಲ್ಲ! ಸಿಂದಗಿಯಲ್ಲಿದ್ದಾಗ ಒಂದು ಮನೆಯ ಅತ್ತೆ-ಸೊಸೆಯರ ದೆಸೆಯಿಂದ ನಾನು ನಕ್ಕಷ್ಟೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು.

ಹೊರಗ

ಸೊಸೆ ಇಂಡಿ ಕಡೆಯ ನಿಂಬೆ ತೋಟದವರ ಮಗಳು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲ, ಮುಟ್ಟು ನಿಂತುಹೋಗಿದೆ, ಗದ್ದದ ಮೇಲೆ ಕೂದಲು. ಸೆರಗನ್ನು ಮೂಗಿನವರೆಗೂ ಎಳೆದುಕೊಂಡೇ ಮಾತಾಡುತ್ತಿದ್ದಳು. ಅತ್ತೆ ಮೊದಲೇ ಹೇಳಿಬಿಟ್ಟಿದ್ದಳು: "ಮುಂದಿನ ಜೋಳದ ರಾಶಿ ಮುಗಿಯೂದ್ರಾಗ ಏನೂ ಆಗಲಿಲ್ಲಂದ್ರ ಬ್ಯಾರೆ ಹೆಣ್ಣು ತರಾಕಿ ನಾ." ಎರಡನೇ ಮದುವೆ ಕೂಡದೆಂದು ಕಾಯ್ದೆ ಬಂದಿತ್ತು. ಅದು ವಿಜಾಪುರದವರೆಗೆ ಬಂದು ಅಲ್ಲೇ ಉಳಿದಿರಬೇಕು, ನಮ್ಮೂರಿನ ಬಸ್ಸು ಹತ್ತಿರಲಿಲ್ಲ.

ಡಾಕ್ಟರು ಮೈಸೂರು ಕಡೆಯವರು, ಹೊಸಬರು. ಸೊಸೆ ಮೊದಲ ಸಲ ತೋರಿಸಲು ಬಂದ ದಿನ ನಾನು ಯಾರದೋ ಹೆರಿಗೆ ಮಾಡಿಸಲು ಹೋಗಿದ್ದೆ. ಡಾಕ್ಟರು ಅವಳನ್ನು, "ಎಷ್ಟು ದಿನಕ್ಕೊಮ್ಮೆ ಹೊರಗಾಗ್ತೀಯಮ್ಮಾ?" ಎಂದು ಕೇಳಿದರು. ಅವರ ಕಡೆ ಹೊರಗಾಗುವುದೆಂದರೆ ಮುಟ್ಟಾಗುವುದು. ನಮ್ಮ ಕಡೆ ಅದಕ್ಕೆ ಕಡಿಗಾಗೋದು ಅನ್ನುತ್ತಾರೆ. ಹೊರಗೆ ಹೋಗುವುದೆಂದರೆ ತಂಬಿಗೆ ಹಿಡಿದು ಬಯಲಿಗೆ ಹೋಗುವುದು.

"ದಿನಾ ಮುಂಜಾನಿ ರೀ," ಅಂದಳು ಅವಳು.

ದಿನಾ ರಕ್ತ ಹೋದರೆ ಗತಿಯೇನೆಂದು ಡಾಕ್ಟರು ಗಾಬರಿಯಾಗಿ ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಆ ಗುಳಿಗೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಮರುವಾರ ಅತ್ತೆ ದವಾಖಾನೆ ಕಟ್ಟೆಯ ಮೇಲೆ ನಿಂತು ಕೂಗಿದಳು: "ಆಕಿ ಕಡಿಗಾಗೂದು ಬಂದ್ ಆಗೇತಿ ಅಂತ ತೋರ್ಸಾಕ ಬಂದ್ರ, ಹೊರಗ ಹೋಗೂದೂ ಬಂದ್ ಮಾಡಿ ಕಳಿಸೀರಲ್ರಿ!"

ಗಂಡು ರಸ

ವಿಜಾಪುರದ ದೊಡ್ಡ ಡಾಕ್ಟರರಿಗೆ ತೋರಿಸಿದಾಗ ರೋಗ ತಿಳಿಯಿತು. ನಮ್ಮ ಡಾಕ್ಟರು ಅತ್ತೆಯನ್ನು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದರು. "ನೋಡಿ, ಹೆಂಗಸಿನ ಮೈಯಲ್ಲಿ ಹೆಣ್ಣಿನ ರಸವೂ ಇರುತ್ತೆ, ಸ್ವಲ್ಪ ಗಂಡಿನ ರಸವೂ ಇರುತ್ತೆ. ಇವಳ ತತ್ತಿಚೀಲ ಎರಡೂ ಊದಿ ಸಿಪ್ಪೆ ದಪ್ಪವಾಗಿದೆ, ಗಂಡಿನ ರಸ ಹೆಚ್ಚಾಗಿದೆ. ನಿಂಬೆಹಣ್ಣಿನ ಹೋಳಿನ ಹಾಗೆ ಎರಡರಿಂದಲೂ ಒಂದೊಂದು ಹೋಳು ಕೊಯ್ದು ತೆಗೆದರೆ ಆ ರಸ ಇಳಿದು ಮುಟ್ಟು ಬರಬಹುದು. ಎಷ್ಟು ಕಾಲ ಅಂತ ಹೇಳೋಕಾಗಲ್ಲ. ಕೆಲವರಿಗೆ ಮತ್ತೆ ಏರುತ್ತೆ."

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು ಬಾಗಿಲಾಚೆ ನಿಂತಿದ್ದ ಮಗನ ಕಡೆ ನೋಡಿದಳು. ತೊಗರಿ ವ್ಯಾಪಾರ ಮಾಡುವ ಆತನ ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ ಎಂದು ನನಗೇ ಅನುಮಾನವಿತ್ತು.

"ಹಂಗಾರ ತಗದ ರಸಾ ಚೆಲ್ಲಬ್ಯಾಡ್ರಿ ಡಾಕ್ಟರ್ ಸಾಹೇಬ್ರ. ಇವಗ ಒಂದು ಚಮಚಾ ಹಾಕ್ರಿ," ಅಂದಳು.

ಬಾಟ್ಲಿ

ಶ್ರಾವಣದಲ್ಲಿ ವಿಜಾಪುರದಲ್ಲಿ ಕೊಯ್ದರು. ಜೊತೆಗೆ ನಾನೂ ಹೋಗಿದ್ದೆ. ಆ ಕಾಲದಲ್ಲಿ ಹೊಟ್ಟೆ ಕೊಯ್ಯುವುದೆಂದರೆ ಅರ್ಧ ಸತ್ತು ಬಂದ ಹಾಗೆಯೇ. ಒಳಗೆ ಹೋಗುವಾಗ ಸೊಸೆ ನನ್ನ ಕೈ ಹಿಡಿದು, "ಬಾಯಾರ, ಸತ್ರ ಛಲೋ ಆತು ಅನ್ರಿ, ಅವರಿಗೆ ಮದುವಿ ಮಾಡಾಕ ಹಗೂರ ಆಕ್ಕೈತಿ," ಅಂದಳು. ನನಗೆ ಕಣ್ಣಲ್ಲಿ ನೀರು ಬಂತು.

ತೆಗೆದ ಹೋಳುಗಳನ್ನು ತಪಾಸಣೆಗೆಂದು ಔಷಧದ ನೀರಿನಲ್ಲಿ ಹಾಕಿ ಬಾಟ್ಲಿಯ ಬಾಯಿ ಮುಚ್ಚಿದ್ದರು. ಅತ್ತೆ ಅದನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯ ಶಿವನ! ನನ್ನ ಸೊಸಿದು ಉಪ್ಪಿನಕಾಯಿ ಹಾಕ್ಯಾರಲ್ರಿ!"

ಎಚ್ಚರಾದ ಮೇಲೆ ಸೊಸೆ ಡಾಕ್ಟರರನ್ನು ಕೇಳಿದ್ದು ಒಂದೇ ಮಾತು. "ಗದ್ದದ ಕೂದ್ಲ ಯಾವಾಗ ಉದರ್ತಾವ್ರಿ?" ಬಂದದ್ದು ಸುಲಭವಾಗಿ ಹೋಗುವುದಿಲ್ಲ ಎಂದರು ಅವರು.

"ಹಂಗಾರ ಅವೂ ನಮ್ಮ ಅತ್ತಿ ಹಂಗ," ಎಂದು ಆಕೆ ಗೋಡೆ ಕಡೆ ಹೊರಳಿದಳು.

ಆರತಿ

ಊರಿಗೆ ಬಂದ ಕೆಲವೇ ವಾರಗಳಲ್ಲಿ ಮುಟ್ಟಾದಳು. ಅತ್ತೆ ಹಿಗ್ಗಿ ಹೀರೇಕಾಯಿಯಾದಳು. ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ಹೊಸ ಸೀರೆ ಉಡಿಸಿ, ಓಣಿಯ ಮುತ್ತೈದೆಯರನ್ನೆಲ್ಲ ಕರೆದು ಆರತಿ ಮಾಡಿಸಿದಳು. ನನಗೂ ಕರೆ ಬಂತು.

"ಯಾರವಾ ದೊಡ್ಡಾಕಿ ಆದಾಕಿ? ನಿಮ್ಮನ್ಯಾಗ ಸಣ್ಣ ಹುಡುಗಿ ಯಾರದಾಳ?" ಎಂದು ಬಂದವರೆಲ್ಲ ಕೇಳಿದರು.

"ನಮ್ಮ ಸೊಸಿನ! ಎರಡನೇ ಸಲ ಆಗ್ಯಾಳ," ಅಂದಳು ಅತ್ತೆ, ಎದೆ ಉಬ್ಬಿಸಿ.

ಮಣೆಯ ಮೇಲಿನ ಸೊಸೆಗೆ ನೆಲ ಬಿರಿಯಬಾರದೇ ಅನ್ನುವಷ್ಟು ನಾಚಿಕೆ. ಆದರೂ ನಾನು ಕುಂಕುಮ ಹಚ್ಚಲು ಬಗ್ಗಿದಾಗ ಮೆಲ್ಲಗೆ ಅಂದಳು: "ನಾನಂತೂ ಎರಡು ಸಲ ದೊಡ್ಡಾಕಿ ಆದೆ ಬಾಯಾರ. ಇನ್ನ ಇವರ ಮಗಾ ಒಂದು ಸಲ ದೊಡ್ಡಾಂವ ಆದ್ರ ಸಾಕು."

ಇನ್ನೊಂದು ಹೋಳು

ದೀಪಾವಳಿ ಕಳೆದ ಮೇಲೆ ಮುಟ್ಟು ಮತ್ತೆ ನಿಂತಿತು. ಗಂಡು ರಸ ಏರಿತು ಎಂದು ಅತ್ತೆ ಆಸೆ ಬಿಟ್ಟಳು. ಮುಟ್ಟು ನಿಲ್ಲುವುದು ಸೊಸೆಗೆ ರೂಢಿಯಾದ್ದರಿಂದ ಬೇರೆ ಕಾರಣ ಯಾರಿಗೂ ಹೊಳೆಯಲಿಲ್ಲ. ದವಾಖಾನೆಗೂ ಯಾರೂ ಬರಲಿಲ್ಲ. ಜೋಳದ ರಾಶಿ ಮುಗಿದ ಮೇಲೆ ಒಂದು ದಿನ ಸೊಸೆ ಒಬ್ಬಳೇ ಬಂದು ಡಾಕ್ಟರರ ಮುಂದೆ ಕುಳಿತಳು.

"ಇನ್ನೊಂದು ಹೋಳು ಕೊಯ್ಯಾಕ ಹೇಳ್ರಿ. ಹೊಟ್ಯಾಗ ಏನೋ ಹರದಾಡಿದಂಗ ಆಗತೈತಿ. ವಾಯು ಅಂತ ಅತ್ತಿ ಅಜಿವಾನ ಕೊಟ್ಟಾಳ."

ಡಾಕ್ಟರು ಅವಳ ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕೇಳಿದರು. ಮತ್ತೆ ಕೇಳಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ವಾಯುವಿಗೆ ಹಾಗೆ ಎದೆ ಬಡಿಯುವುದಿಲ್ಲ. ಮಗುವಿಗೆ ಬಡಿಯುತ್ತದೆ.

ಅತ್ತೆಗೆ ಹೇಳಿ ಕಳಿಸಿದೆ. ಓಡಿ ಬಂದು ಸುದ್ದಿ ಕೇಳಿದವಳು ಬೆಂಚಿನ ಮೇಲೆ ಕುಸಿದಳು. "ಹ್ವಾದ ವಾರ ಅಕ್ಕಿಕಾಳು ಬಿದ್ದುವಲ್ರಿ! ಈಗ ಆ ಹುಡುಗಿನ್ನ ನಾ ಏನ ಮಾಡ್ಲಿ?"

ಮಗನಿಗೆ ಎರಡನೇ ಮದುವೆ ಮುಗಿದುಹೋಗಿತ್ತು! ನನಗೆ ಅತ್ತೆಯ ಕೆನ್ನೆಗೆ ಎರಡು ಬಾರಿಸುವಷ್ಟು ಸಿಟ್ಟು ಬಂದಿತ್ತು. ಸೊಸೆ ಮಾತ್ರ ಎದ್ದು ಕುಳಿತು, ಮೊದಲ ಸಲ ಸೆರಗನ್ನು ಗದ್ದದಿಂದ ಕೆಳಗೆ ಜಾರಲು ಬಿಟ್ಟಳು.

"ಇರ್ಲಿ ಬಿಡ್ರಿ ಅತ್ತಿ. ನನ್ನ ಬಾಣಂತನ ಮಾಡಾಕ ಒಬ್ಬಾಕಿ ಬೇಕಲ್ಲ."

ಡಾಕ್ಟರು ನಕ್ಕರು, ನಾನು ನಕ್ಕೆ, ಅತ್ತೆಯೂ ತಡೆಯಲಾರದೆ ನಕ್ಕಳು. ಅತ್ತೆಯ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಹೊಸ ಮದುವಣಗಿತ್ತಿ, ಕೈಯ ಅರಿಷಿಣ ಇನ್ನೂ ಹೋಗದ ಹುಡುಗಿ, ಎಲ್ಲರೂ ಯಾತಕ್ಕೆ ನಗುತ್ತಿದ್ದಾರೆಂದು ತಿಳಿಯದೆ ತಾನೂ ನಕ್ಕಳು.