ಕಾರಣ ಕೇಳಿ ನೋಟಿಸು

ಹದಿನೆಂಟು ವರ್ಷ ಮಕ್ಕಳಿಗೆ ಭಿನ್ನರಾಶಿ ಕಲಿಸಿ ಸಾಕಾದ ನಾನು, ಇನ್ನು ಕಲಿಸುವವರನ್ನೇ ಆಳಬೇಕೆಂದು ತೀರ್ಮಾನಿಸಿ ಶಾಲಾ ಆಡಳಿತದ ಸ್ನಾತಕೋತ್ತರ ಕೋರ್ಸಿಗೆ ಸೇರಿದೆ. ಅಂದೇ ಊಟದ ಮೇಜಿನ ಕುರ್ಚಿಯೊಂದಕ್ಕೆ ದಿಂಬು ಹಾಕಿಕೊಂಡೆ. ಮುಖ್ಯೋಪಾಧ್ಯಾಯನಾಗುವವನಿಗೆ ಕೂತು ಅಭ್ಯಾಸವಿರಬೇಕಲ್ಲ!

"ಮೊದಲು ಮಂಚದ ಮೇಲಿರೋ ಒದ್ದೆ ಟವೆಲ್ ತೆಗೀರಿ," ಎಂದಳು ಹೆಂಡತಿ.

"ಆಡಳಿತಗಾರ ಅಂಥ ಕೆಲಸಾನ ಬೇರೆಯವರಿಗೆ ಹಂಚಬೇಕು. ಎರಡನೇ ಪಾಠದಲ್ಲಿದೆ."

"ಸರಿ, ಹಂಚಿದೀನಿ. ನಿಮಗೇ."

ಮೊದಲ ಅಸೈನ್‌ಮೆಂಟ್ ಬಂತು. ಕಾಲ್ಪನಿಕ ಶಿಕ್ಷಕನೊಬ್ಬನಿಗೆ ಕಾರಣ ಕೇಳಿ ನೋಟಿಸು ಬರೆಯಬೇಕು. ಆ ಶಿಕ್ಷಕ ಕೊಡುವ ಉತ್ತರವನ್ನೂ ನಾವೇ ಬರೆಯಬೇಕು. ಇದರಲ್ಲಿ ಪಾಸಾಗದಿದ್ದರೆ ಮುಂದಿನ ಸೆಮಿಸ್ಟರ್ ಇಲ್ಲ.

ನಾನು ಲೆಕ್ಕದ ಮೇಷ್ಟ್ರು, ಕಲ್ಪನೆಗೂ ನನಗೂ ಆಗಿಬರುವುದಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಡ್ರಾಯಿಂಗ್ ಮೇಷ್ಟ್ರದು. ಅಷ್ಟೂ ವರ್ಷ ಡಬ್ಬಿ ಹಂಚಿಕೊಂಡು ಉಂಡ ಗೆಳೆಯ. ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು, ಹೆಸರು ಹಾಕದೆ, ನಾಲ್ಕು ಆರೋಪ ಬರೆದೆ. ಗಂಟೆ ಹೊಡೆದು ಐದು ನಿಮಿಷಕ್ಕೆ ತರಗತಿಗೆ ಹೊರಡುವುದು. ಬಿಡುವಿನ ಅವಧಿಯಲ್ಲಿ ಗೊರಕೆ. ಅಂಕ ಕೂಡಿಸುವ ಕೆಲಸ ಮಕ್ಕಳ ಪಾಲು. ಕುಡಿಯುವ ನೀರಿನ ನಲ್ಲಿಯಲ್ಲಿ ಬ್ರಷ್ ತೊಳೆಯುವುದು.

"ಇದ್ಯಾರ ಬಗ್ಗೆ?" ಎಂದಳು ಹೆಂಡತಿ, ಮೊದಲ ಮೂರು ಓದಿ.

"ಡ್ರಾಯಿಂಗ್ ಮೇಷ್ಟ್ರು."

"ಹೌದಾ," ಎಂದು ಅವಳು ನನ್ನನ್ನೇ ಒಂದು ಗಳಿಗೆ ನೋಡಿ ಒಳಗೆ ಹೋದಳು.

ಮರುದಿನ ಶಾಲೆಯ ಪ್ರಿಂಟರಿನಲ್ಲಿ ನೋಟಿಸು ತೆಗೆದೆ. ಎರಡು ಪ್ರತಿ ಬಂದಿದ್ದವು. ಆಡಳಿತಗಾರನ ಗತ್ತಿನಲ್ಲಿ ತಿರುಗಿಯೂ ನೋಡದೆ ಒಂದನ್ನೇ ಎತ್ತಿಕೊಂಡು ಬಂದೆ. ಉತ್ತರ ಬರೆಯಲು ಕೂತರೆ ಒಂದು ಸಾಲೂ ಹುಟ್ಟಲಿಲ್ಲ. ತಪ್ಪು ಹುಡುಕುವುದಷ್ಟೇ ಗೊತ್ತಿದ್ದವನಿಗೆ ತಪ್ಪಿಗೆ ಕಾರಣ ಎಲ್ಲಿಂದ ಹೊಳೆಯಬೇಕು?

ಸಂಜೆ ಡ್ರಾಯಿಂಗ್ ಮೇಷ್ಟ್ರು ಮನೆಗೇ ಬಂದರು. ಚೀಲದಿಂದ ಇನ್ನೊಂದು ಪ್ರತಿ ತೆಗೆದರು.

"ಮೇಷ್ಟ್ರೇ, ಯಾರೋ ನಿಮ್ಮ ಮೇಲೆ ನೋಟಿಸ್ ತಯಾರು ಮಾಡಿದಾರೆ. ಹೆಡ್ ಮೇಡಂ ಕಣ್ಣಿಗೆ ಬೀಳೋ ಮೊದಲೇ ಪ್ರಿಂಟರಿಂದ ಎತ್ಕೊಂಡ್ಬಂದೆ. ಹೆದರ್ಬೇಡಿ, ಉತ್ತರಾನೂ ಬರ್ದಿದೀನಿ."

ಓದಿದೆ. ತಡವಾಗುವುದು, ಹಿಂದಿನ ತರಗತಿಯ ಮಂದ ಹುಡುಗನಿಗೆ ಮತ್ತೊಮ್ಮೆ ಹೇಳಿಕೊಡುತ್ತ ನಿಲ್ಲುವುದರಿಂದ. ಗೊರಕೆ, ಕಾಯಿಲೆಯ ತಾಯಿಯ ಬಳಿ ರಾತ್ರಿ ಎಚ್ಚರವಿರುವುದರಿಂದ. ಅಂಕ ಕೂಡಿಸುವುದರಿಂದ ಮಕ್ಕಳಿಗೆ ಸಂಕಲನ ಬರುತ್ತದೆ. ನಾಲ್ಕನೆಯದಕ್ಕೆ ಒಂದೇ ಸಾಲು: ತಪ್ಪಾಗಿದೆ, ಇನ್ನು ಮುಂದೆ ಮಾಡುವುದಿಲ್ಲ.

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿಜ ಹೇಳಲು ಬಾಯಿ ತೆರೆದವನು, "ಕಾಫಿ ತಗೊಳ್ಳಿ," ಎಂದೆ. ಇನ್ನೂ ನಾಚಿಕೆಗೇಡಿನ ಮಾತೆಂದರೆ, ಆ ಉತ್ತರವನ್ನು ನನ್ನದೆಂದೇ ನಕಲು ಮಾಡಿ ಕಳಿಸಿದೆ.

ಎರಡು ವಾರಕ್ಕೆ ಫಲಿತಾಂಶ ಬಂತು. ಹೆಂಡತಿಯೇ ಗಟ್ಟಿಯಾಗಿ ಓದಿದಳು. "ನೋಟಿಸಿಗೆ ಇಪ್ಪತ್ತೈದಕ್ಕೆ ಆರು. ಉತ್ತರಕ್ಕೆ ಇಪ್ಪತ್ನಾಲ್ಕು. ಪರೀಕ್ಷಕರ ಷರಾ: 'ಇಬ್ಬರಲ್ಲಿ ಮುಖ್ಯೋಪಾಧ್ಯಾಯರಾಗಬೇಕಾದವರು ಉತ್ತರ ಬರೆದವರು.' ಪಾಸಾದ್ರಿ ಕಣ್ರೀ. ಯಾರು ಪಾಸಾಗಿದ್ದು ಅಂತ ನಾನು ಕೇಳಲ್ಲ."

ಆ ಮಾತಿಗೆ ತಡೆಯಲಾಗಲಿಲ್ಲ. ಮರುದಿನ ನೆಟ್ಟಗೆ ಶಾಲೆಯ ಡ್ರಾಯಿಂಗ್ ಕೋಣೆಗೆ ಹೋಗಿ ಮೇಷ್ಟ್ರ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಕೆಟ್ಟಿನಲ್ಲಿ ಬ್ರಷ್ ತೊಳೆಯುತ್ತಿದ್ದರು.

"ನಂಗೊತ್ತಿತ್ತು ಮೇಷ್ಟ್ರೇ. ಶಾಲೇಲಿ ನೋಟಿಸ್ ಬರೆಯೋ ಕೋರ್ಸ್ ಓದ್ತಿರೋರು ನೀವೊಬ್ರೇ, ಬ್ರಷ್ ಇಟ್ಕೊಂಡಿರೋನು ನಾನೊಬ್ನೇ."

"ಮತ್ತೆ ನನ್ನ ಮೇಲೆ ಬರೆದಿದಾರೆ ಅಂತ ಯಾಕಂದ್ರಿ?"

ಅವರು ಬ್ರಷ್ ಕೊಡವಿ ಮೆಲ್ಲಗೆ ಹೇಳಿದರು:

"ಮಿಕ್ಕ ಮೂರು ತಪ್ಪು ನಿಮ್ಮವೇ ಅಲ್ವಾ?"